ಗಾಳಿ ನೋಡಲು ಇಂಟರ್ನೆಟ್ ಜೋಡಿಸಿದ ಕಾಕ

“ಅವರಿಂದ ಒಂದು ತಪ್ಪಾಯಿತು. ಅದನ್ನು ನಾವೆಲ್ಲ ಯಾವತ್ತೋ ಕ್ಷಮಿಸಿಬಿಟ್ಟಿದ್ದೇವೆ.”

ಕಳೆದ ತಿಂಗಳು ಮಂಗಳೂರಿನ ಬಂದರಿನಲ್ಲಿ ನಡೆದ ಸಂತಾಪ ಸಭೆಯಲ್ಲಿ ಮೈಕಿನ ಮುಂದೆ ನಿಂತು ಹೀಗೆ ಹೇಳಿದವರು ಬೋಟು ಮಾಲಕರ ಸಣ್ಣ ಸಂಘವೊಂದರ ಈಗಿನ ಅಧ್ಯಕ್ಷರು. ನಾನು ಅಲ್ಲಿ ಟೈಪಿಸ್ಟ್ ಆಗಿದ್ದ ಕಾಲದಲ್ಲಿ ಅವರು ಕಾರ್ಯದರ್ಶಿ. ತೀರಿಹೋದವರ ಫೋಟೋವನ್ನು ಮೇಜಿನ ಮೇಲಿಟ್ಟು ಸೇವಂತಿಗೆಯ ಹಾರ ಹಾಕಿದ್ದರು. ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಮನೆಯಲ್ಲಿ ಫೋಟೋಕ್ಕೆ ಹಾರ ಹಾಕುವ ಕ್ರಮವಿಲ್ಲ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಮನೆಯವರು ಒಬ್ಬರೂ ಬಂದಿರಲಿಲ್ಲ. ಹಾಗಾಗಿ ಹೇಳುವವರೂ ಇರಲಿಲ್ಲ. “ಬಂದರಿಗೆ ಮೊದಲು ಇಂಟರ್ನೆಟ್ ತಂದವರು ಅವರೇ. ಸ್ವಲ್ಪ ಸಿಟ್ಟಿನ ಮನುಷ್ಯ, ಆದರೆ ಒಳ್ಳೆಯವರು” ಎಂದರು ಅಧ್ಯಕ್ಷರು. ಆಮೇಲೆ ಬಂದದ್ದು ಈ ಕ್ಷಮೆಯ ಮಾತು. ಒಂದು ನಿಮಿಷ ಮೌನ. ಚಹಾ, ಬಿಸ್ಕೆಟ್.

ನಾನು ಕೊನೆಯ ಸಾಲಿನಲ್ಲಿ ಕುಳಿತಿದ್ದೆ. ಎದ್ದು ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಚಹಾ ಮುಟ್ಟದೆ ಹೊರಗೆ ಬಂದೆ, ಅಷ್ಟೇ. ಆವತ್ತು ಏರಿದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡಬೇಕು ಎಂದು ಕುಳಿತಿದ್ದೇನೆ.

ನಾವೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತಿದ್ದೆವು. ನಾನು ಕೆಲಸಕ್ಕೆ ಸೇರಿದಾಗ ಅವರಿಗೆ ಐವತ್ತೈದರ ಹತ್ತಿರ. ಅಜ್ಜನ ಕಾಲದಲ್ಲಿ ಅವರ ಕುಟುಂಬಕ್ಕೆ ಬಂದರಿನಲ್ಲಿ ಬೆಲ್ಲದ ಗೋದಾಮು ಇತ್ತಂತೆ. ಪಾಲಾಗಿ ಪಾಲಾಗಿ ಅದು ಕೈಬಿಟ್ಟ ಮೇಲೆ ಅಣ್ಣತಮ್ಮಂದಿರೆಲ್ಲ ಗಲ್ಫಿಗೆ ಹೋದರು. ಕಾಕನನ್ನು ಬಿಟ್ಟು ಉಳಿದವರು ಅಲ್ಲಿ ಅಂಗಡಿ ಹಾಕಿದರು, ಊರಲ್ಲಿ ಮಾಳಿಗೆ ಮನೆ ಕಟ್ಟಿಸಿದರು. ಕಾಕ ಅಲ್ಲೇ ಹಡಗುಗಳ ವೈರ್‌ಲೆಸ್ ರಿಪೇರಿ ಮಾಡುವ ಕಡೆ ಇಪ್ಪತ್ತು ವರ್ಷ ದುಡಿದು, ಸ್ಕ್ರೂಡ್ರೈವರುಗಳ ಒಂದು ಪೆಟ್ಟಿಗೆ ಹಿಡಿದುಕೊಂಡು ವಾಪಸು ಬಂದರು. ಹೆಂಡತಿಯ ಊರು ಬೆಂಗ್ರೆಯಲ್ಲಿ ಸಣ್ಣ ಮನೆ. ದಿನಾ ಬೆಳಿಗ್ಗೆ ಫೆರಿಯಲ್ಲಿ ಹೊಳೆ ದಾಟಿ ಸಂಘದ ಆಫೀಸಿಗೆ ಬರುವುದು. ಕಡಲಿಗೆ ಹೋದ ಬೋಟುಗಳ ಜೊತೆ ವೈರ್‌ಲೆಸ್ಸಿನಲ್ಲಿ ಮಾತಾಡುವುದು ಅವರ ಕೆಲಸ.

ಸಿಟ್ಟಿನ ಮನುಷ್ಯ ಎಂದದ್ದು ಸುಳ್ಳಲ್ಲ. ಆದರೆ ಅವರ ಸಿಟ್ಟಿನ ಬಹುಪಾಲು ಯಂತ್ರಗಳಿಗೆ ಸಿಗುತ್ತಿತ್ತು. ವೈರ್‌ಲೆಸ್ ಗೊರಗುಟ್ಟಿದರೆ ಅದರ ಮೇಲ್ಭಾಗಕ್ಕೆ ಅಂಗೈಯಿಂದ ಒಂದು ಬಡಿದು, “ನಿನಗೆ ನಾನು ಎಂತ ಕಡಿಮೆ ಮಾಡಿದ್ದೇನೆ? ಹೇಳು!” ಎಂದು ಕೇಳುತ್ತಿದ್ದರು. ನಿಜವಾಗಿ ಉತ್ತರ ಬರುತ್ತದೆ ಎಂಬಂತೆ ಕಿವಿ ಕೊಡುತ್ತಿದ್ದರು ಕೂಡ. ಮನುಷ್ಯರ ವಿಷಯದಲ್ಲಿ ಅವರಿಗೆ ಸಹಿಸಲಾಗದಿದ್ದದ್ದು ಎರಡೇ. ಒಂದು, ತಂತಿಯನ್ನು ಸುತ್ತದೆ ಮುದ್ದೆ ಮಾಡಿ ಬಿಸಾಡುವವರು. ಎರಡು, ಯಾವುದಕ್ಕೂ “ನೋಡುವಾ” ಎನ್ನುವವರು. ನಮ್ಮ ಊರಿನಲ್ಲಿ ಆಗುವುದಿಲ್ಲ ಎಂದು ಮುಖಕ್ಕೆ ಹೇಳುವ ಬದಲು ನೋಡುವಾ ಎನ್ನುತ್ತಾರಲ್ಲ, ಅದು. “ನೋಡುವಾ ಅಂದ್ರೆ ಯಾವಾಗ? ಎಷ್ಟು ಗಂಟೆಗೆ? ಎಲ್ಲಿ ನಿಂತು ನೋಡುವುದು?” ಎಂದು ಅವರು ಕೇಳಿದರೆ ಎದುರಿಗಿದ್ದವರು ನಗುತ್ತಿದ್ದರು. ಕಾಕ ನಗುತ್ತಿರಲಿಲ್ಲ.

ಇಂಟರ್ನೆಟ್ಟಿಗೆ ಬೇಕಾದ ಕಂಪ್ಯೂಟರ್ ನಮ್ಮ ಆಫೀಸಿಗೆ ಬಂದದ್ದು ಹೀಗೆ. ಪಕ್ಕದ ಕಟ್ಟಡದ ಹಡಗು ಏಜೆಂಟರ ಆಫೀಸಿನವರು ಹೊಸತು ಕೊಂಡಾಗ ಹಳೆಯದನ್ನು ಗುಜರಿಗೆ ಹಾಕುವವರಿದ್ದರು. ಕಾಕ ತಡೆದು, ಮೀನು ಹೊರುವ ಕೈಗಾಡಿಯಲ್ಲಿ ತಾವೇ ತಳ್ಳಿಕೊಂಡು ಬಂದರು. ಡಬ್ಬದಲ್ಲಿ ಫ್ಯಾನ್ ಓಡುತ್ತಿರಲಿಲ್ಲ. ಹಾಗಾಗಿ ಮುಚ್ಚಳ ತೆಗೆದಿಟ್ಟು ಪಕ್ಕದಲ್ಲಿ ಟೇಬಲ್ ಫ್ಯಾನ್ ತಿರುಗಿಸಿ ಇಡಬೇಕಿತ್ತು. ವಿಂಡೋಸ್ ಹಾಕಲು ಹದಿಮೂರು ಫ್ಲಾಪಿಗಳು. ಏಳನೆಯದು ಹಾಳು. ಅದೊಂದು ಫ್ಲಾಪಿಗಾಗಿ ಕಾಕ ಹಂಪನಕಟ್ಟೆಯ ಕಂಪ್ಯೂಟರ್ ತರಗತಿಗಳಿಗೆಲ್ಲ ನಾಲ್ಕು ದಿನ ಅಲೆದರು. ಐದನೇ ದಿನ ಬಂದು ಅಂಗಿಯ ಕಿಸೆಯಿಂದ ಅದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟು, “ಸಿಕ್ಕಿತು ಮಾರಾಯ್ತಿ, ಕಳ್ಳ” ಎಂದರು.

ಯಾಕೆ ಇಷ್ಟು ಒದ್ದಾಟ ಎಂದು ನಾನು ಕೇಳಿದ್ದೆ. ಗಲ್ಫಿನಲ್ಲಿ ಕೊನೆಯ ವರ್ಷ ಅವರು ಒಂದು ಆಫೀಸಿನಲ್ಲಿ ಇಂಟರ್ನೆಟ್ಟಿನಲ್ಲಿ ಮೋಡದ ಚಿತ್ರ ನೋಡಿದ್ದರಂತೆ. ಮೇಲಿಂದ ಉಪಗ್ರಹ ತೆಗೆದದ್ದು. “ಗಾಳಿ ಎಲ್ಲಿ ಹುಟ್ಟಿದೆ, ಎಲ್ಲಿಗೆ ಹೋಗ್ತದೆ, ಎಲ್ಲ ಕಾಣ್ತದೆ ತಂಗಿ. ನಮ್ಮವರು ಇನ್ನೂ ಆಕಾಶ ನೋಡಿ ಬೋಟು ಬಿಡುವುದು. ಆಕಾಶ ಇಲ್ಲಿಯದ್ದು ಕಾಣ್ತದೆ, ಮುನ್ನೂರು ಮೈಲು ಆಚೆಯದ್ದು ಕಾಣ್ತದಾ?” ದೂರವಾಣಿ ಕಚೇರಿಯ ಅರ್ಜಿಯಲ್ಲಿ ಸಂಪರ್ಕ ಯಾವ ಉದ್ದೇಶಕ್ಕೆ ಎಂದು ಕೇಳಿದ ಜಾಗದಲ್ಲಿ ಅವರು “ಗಾಳಿ ನೋಡಲು” ಎಂದು ಬರೆಸಿದರು. ಬರೆದದ್ದು ನಾನೇ, ನನ್ನ ಅಕ್ಷರ ಚೆಂದ ಎಂದು.

ಒಂದು ವಾರದಲ್ಲಿ ಹೆಸರು, ಪಾಸ್‌ವರ್ಡ್, ಡಯಲ್ ಮಾಡಬೇಕಾದ ನಂಬರು ಎಲ್ಲ ಇದ್ದ ಚೀಟಿ ಬಂತು. ಫೋನಿನ ಲೈನಿನಿಂದ ಇಂಟರ್ನೆಟ್ ಹಿಡಿಯುವ ಮೋಡೆಮ್ ಕಾಕ ಗಲ್ಫಿನಿಂದಲೇ ತಂದಿದ್ದರು. ಪುಸ್ತಕದಷ್ಟು ದೊಡ್ಡ ಕಪ್ಪು ಪೆಟ್ಟಿಗೆ, ಎದುರಿಗೆ ಸಾಲಾಗಿ ಕೆಂಪು ದೀಪಗಳು. ಫೋನಿನ ತಂತಿಯನ್ನು ಅದಕ್ಕೆ ಚುಚ್ಚಿ, ಅದರ ತಂತಿಯನ್ನು ಕಂಪ್ಯೂಟರಿನ ಬೆನ್ನಿಗೆ ಚುಚ್ಚಿ, ಡಯಲ್ ಮಾಡಿಸಿದರೆ ಟೂ-ಟೂ ಎಂದು ಹಾಡಿ ಸುಮ್ಮನಾಗುತ್ತಿತ್ತು. ಎರಡು ದಿನ ಹೀಗೇ. ಬಂದರಿನ ಉಪ್ಪುಗಾಳಿಗೆ ಫೋನಿನ ತಂತಿಯ ತುದಿ ಹಸಿರುಗಟ್ಟಿತ್ತು. ಅದನ್ನು ಮರಳು ಕಾಗದದಿಂದ ಉಜ್ಜಿ ಹೊಳಪು ಮಾಡಿದರು. ಆದರೂ ಇಲ್ಲ. ಮೂರನೇ ದಿನ ರಿಸೀವರ್ ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ನನ್ನ ಹತ್ತಿರ ಯಾವುದೋ ನಂಬರು ತಿರುಗಿಸಲು ಹೇಳಿದರು. ಒಮ್ಮೆಲೇ ಕಣ್ಣು ಬಿಟ್ಟರು.

“ಕೇಳಿತಾ? ಟಕ ಟಕ ಟಕ. ನಮ್ಮ ಲೈನಿಗೆ ಟೂ-ಟೂ ಅರ್ಥ ಆಗುವುದಿಲ್ಲ. ಅದು ಹಳೆ ಕಾಲದ ಮುದುಕಿ. ಅದಕ್ಕೆ ಅದರ ಭಾಷೆಯಲ್ಲೇ ಹೇಳ್ಬೇಕು.”

ಕಂಪ್ಯೂಟರಿನಲ್ಲಿ ಎಲ್ಲೋ ಒಳಗೆ ಹೋಗಿ ಟೋನ್ ಎಂದಿದ್ದದ್ದನ್ನು ಪಲ್ಸ್ ಎಂದು ಬದಲಾಯಿಸಿದರು. ಈ ಸಲ ಅದು ಟಕಟಕ ಎಂದು ಎಣಿಸಿತು. ಆಚೆ ಕಡೆಯಿಂದ ಒಂದು ಸಿಳ್ಳೆ ಬಂತು, ಈಚೆಯಿಂದ ಇನ್ನೊಂದು, ಆಮೇಲೆ ಕಿರುಚಾಟ. ನಾನು ಕಿವಿ ಮುಚ್ಚಿಕೊಂಡೆ. ಕಾಕ ಮಾತ್ರ ಬೆರಳೆತ್ತಿ ನಮ್ಮೆಲ್ಲರನ್ನೂ ಸುಮ್ಮನಿರಿಸಿ, “ಮಾತಾಡ್ತಾ ಉಂಟು, ಮಾತಾಡ್ತಾ ಉಂಟು” ಎಂದು ಪಿಸುಗುಟ್ಟಿದರು. ಕೆಂಪು ದೀಪಗಳು ಒಂದೊಂದಾಗಿ ಹತ್ತಿ ನಿಂತವು. ಅವರ ಮುಖದಲ್ಲಿ ನಾನು ನಗು ಕಂಡದ್ದು ಅದೊಂದೇ ಸಲ ಇರಬೇಕು.

ಮೋಡದ ಚಿತ್ರ ಮೇಲಿನಿಂದ ಕೆಳಗೆ ಗೆರೆ ಗೆರೆಯಾಗಿ ಇಳಿಯುತ್ತಿತ್ತು. ಹಿಮಾಲಯ ಬರಲು ಐದು ನಿಮಿಷ. ದಿಲ್ಲಿಗೆ ಹತ್ತು. ಮುಂಬೈ ಬರುವ ಹೊತ್ತಿಗೆ ಕಾರ್ಯದರ್ಶಿ ತಮ್ಮ ಕ್ಯಾಬಿನ್ನಿನಲ್ಲಿ ರಿಸೀವರ್ ಎತ್ತುತ್ತಿದ್ದರು. ಎರಡು ಫೋನಿಗೂ ಒಂದೇ ಲೈನು. ಅವರು ಎತ್ತಿದರೆ ಇಲ್ಲಿ ಸಂಪರ್ಕ ಕಡಿದುಹೋಗುತ್ತಿತ್ತು. “ದಿಲ್ಲಿಯ ಮೋಡ ಕಟ್ಟಿಕೊಂಡು ನನಗೆ ಎಂತ ಆಗ್ಬೇಕು!” ಎಂದು ಕಾಕ ಮೇಜಿಗೆ ಗುದ್ದುತ್ತಿದ್ದರು. ನಮ್ಮ ಸಮುದ್ರ ಇದ್ದದ್ದು ಚಿತ್ರದ ಕೆಳಗಿನ ತುದಿಯಲ್ಲಿ. ಎಷ್ಟೋ ದಿನ ಅದು ಇಳಿದು ಬರುತ್ತಲೇ ಇರಲಿಲ್ಲ. ಕೊನೆಗೆ ಕಾಕ, ಕಾರ್ಯದರ್ಶಿ ಊಟಕ್ಕೆ ಮನೆಗೆ ಹೋಗುವ ಸಮಯ ಹಿಡಿದರು. ಬಂದ ಚಿತ್ರವನ್ನು ಹಳೆಯ ಪ್ರಿಂಟರಿನಲ್ಲಿ ಕರಕರ ಎಂದು ಮುದ್ರಿಸಿ, ಕೆಂಪು ಪೆನ್ನಿನಿಂದ ಕರಾವಳಿಯ ಗೆರೆ ಎಳೆದು, ಮಂಗಳೂರಿಗೊಂದು ಚುಕ್ಕಿ, ಕಾರವಾರಕ್ಕೊಂದು, ಲಕ್ಷದ್ವೀಪಕ್ಕೆ ನಾಲ್ಕೈದು ಇಟ್ಟು ನೋಟೀಸ್ ಬೋರ್ಡಿಗೆ ಅಂಟಿಸುತ್ತಿದ್ದರು. ತಂಡೇಲರು, ಎಂದರೆ ಬೋಟು ನಡೆಸುವವರು, ಮೊದಮೊದಲು ತಮಾಷೆ ಮಾಡಿದರು. ಆಮೇಲೆ ಬಂದು ನೋಡತೊಡಗಿದರು. ವಾಮನಣ್ಣ ಎಂಬ ತಂಡೇಲರಂತೂ ದಿನಾ ಬರುತ್ತಿದ್ದರು. ಅವರೂ ಬೆಂಗ್ರೆಯವರೇ. “ಕಾಕ, ಇವತ್ತು ನಮ್ಮದು ಬಂತಾ, ಅಲ್ಲ ಬರೀ ದಿಲ್ಲಿಯಾ?” ಎಂದು ಕೇಳಿಕೊಂಡೇ ಒಳಗೆ ಬರುತ್ತಿದ್ದರು.

ಹೀಗೆ ನಾಲ್ಕೈದು ತಿಂಗಳು ನಡೆಯಿತು. ಈಗ ಆ ದಿನದ ಕತೆ.

ದೀಪಾವಳಿ ಕಳೆದಿತ್ತು. ಮರುದಿನ ಬೆಳಗಾಗುವ ಮೊದಲು ನಾಲ್ಕು ಬೋಟುಗಳು ಆಳಸಮುದ್ರಕ್ಕೆ ಹೊರಡುವುದಿತ್ತು. ಅದರಲ್ಲಿ ಎರಡು ಕಾರ್ಯದರ್ಶಿಯವೇ. ಐಸು ತುಂಬಿಸಿ ಆಗಿತ್ತು. ಆ ಮಧ್ಯಾಹ್ನ ಕಾಕ ಎರಡು ಗಂಟೆ ಕೂತು ಮೂರು ಸಲ ಡಯಲ್ ಮಾಡಿ ಪೂರ್ತಿ ಚಿತ್ರ ಇಳಿಸಿದರು. ಹಿಂದಿನ ಎರಡು ದಿನದ್ದನ್ನೂ ಪಕ್ಕದಲ್ಲಿಟ್ಟರು. ಲಕ್ಷದ್ವೀಪದ ಕೆಳಗೆ ಮೊನ್ನೆ ಬರೀ ಬಿಳಿ ಮುದ್ದೆ. ನಿನ್ನೆ ಅದು ಬಾಗಿತ್ತು. ಇವತ್ತು ಸುರುಳಿ ಸುತ್ತಿಕೊಂಡು ಮೇಲಕ್ಕೆ ಬಂದಿತ್ತು. ನನ್ನಂಥವಳಿಗೂ ಅರ್ಥವಾಗುವ ಹಾಗಿತ್ತು. ಕಾಕ ಎರಡು ಪ್ರತಿ ಮುದ್ರಿಸಿದರು. ಒಂದನ್ನು ಬೋರ್ಡಿಗೆ ಅಂಟಿಸಿ, ಅದರ ಕೆಳಗೆ ನನ್ನಿಂದ ದಪ್ಪ ಅಕ್ಷರದಲ್ಲಿ ಬರೆಸಿದರು: ನಾಳೆ ಹೋಗಬೇಡಿ.

ಕಾರ್ಯದರ್ಶಿ ಊಟ ಮುಗಿಸಿ ಬಂದವರು ಅದನ್ನು ನೋಡಿ ಮೊದಲು ನಕ್ಕರು. ಆಮೇಲೆ ನಗಲಿಲ್ಲ.

“ಇದು ಎಂತ ಇದು? ರೇಡಿಯೋದಲ್ಲಿ ಹೇಳಿದ್ದಾರಾ? ಬಂದರಿನಲ್ಲಿ ಅಪಾಯದ ಬಾವುಟ ಏರಿಸಿದ್ದಾರಾ?”

“ಏರಿಸ್ತಾರೆ. ನಾಳೆ ಏರಿಸ್ತಾರೆ. ಅಷ್ಟು ಹೊತ್ತಿಗೆ ಬೋಟು ಎಲ್ಲಿರ್ತದೆ?”

“ನಾಳೆ ಅವರು ಏರಿಸಿದ ಮೇಲೆ ನೋಡುವಾ.”

“ನೋಡುವಾ ಅಂದ್ರೆ ಎಂತ? ಯಾವಾಗ ನೋಡುವುದು? ಏಳು ಏಳು ಜನ ಇರ್ತಾರೆ ಒಂದೊಂದು ಬೋಟಿನಲ್ಲಿ!”

ಕಾರ್ಯದರ್ಶಿ ಕಾಗದವನ್ನು ಬೋರ್ಡಿನಿಂದ ಕಿತ್ತು ಹರಿದರು. ಅಲ್ಲಿಗೆ ನಿಲ್ಲಿಸಲಿಲ್ಲ. ಮೋಡೆಮಿನ ತಂತಿಯನ್ನು ಗೋಡೆಯಿಂದ ಎಳೆದ ರಭಸಕ್ಕೆ ಅದರ ಕ್ಲಿಪ್ಪೇ ಮುರಿಯಿತು. ಪೆಟ್ಟಿಗೆಯನ್ನು ತಂದು ನನ್ನ ಮೇಜಿನ ಮೇಲೆ ಕುಕ್ಕಿ, “ಇದನ್ನು ಕಪಾಟಿನಲ್ಲಿಟ್ಟು ಬೀಗ ಹಾಕು. ಕೀ ನಿನ್ನ ಡ್ರಾಯರಿನಲ್ಲಿರಲಿ. ಕಾಕನ ಕೈಗೆ ಕೊಟ್ಟದ್ದು ಗೊತ್ತಾದ್ರೆ ನಾಳೆಯಿಂದ ನೀನು ಬರುವುದು ಬೇಡ” ಎಂದರು. ನಾನು ಇಟ್ಟೆ. ಬೀಗ ಹಾಕಿದೆ. ಕಾಕ ನೋಡುತ್ತಾ ನಿಂತಿದ್ದರು. ಇನ್ನೊಂದು ಪ್ರತಿಯನ್ನು ಮಡಚಿ ಹಿಡಿದುಕೊಂಡು ದಕ್ಕೆಗೆ, ಬೋಟು ಕಟ್ಟುವ ಜಾಗಕ್ಕೆ ಹೋದರು.

ಅಲ್ಲಿ ನಡೆದದ್ದು ನನಗೆ ಆಮೇಲೆ ತಿಳಿಯಿತು. ನಾಲ್ಕು ಬೋಟಿಗೂ ಹತ್ತಿ ಇಳಿದರಂತೆ. ಮೂರು ಕಡೆ ನಕ್ಕರು. ವಾಮನಣ್ಣ ನಗಲಿಲ್ಲ. “ಮಾಲಕರು ಹೊರಡು ಅಂದ್ರೆ ನಾನು ಹೊರಡ್ಬೇಕಲ್ಲ ಕಾಕ” ಎಂದು ಕಾಗದ ತೆಗೆದುಕೊಂಡು ಕಿಸೆಯಲ್ಲಿಟ್ಟುಕೊಂಡರು. ಅವರು ನಡೆಸುತ್ತಿದ್ದದ್ದು ಕಾರ್ಯದರ್ಶಿಯ ಬೋಟು.

ಮರುದಿನ ಬೆಳಿಗ್ಗೆ ನಾನು ಆಫೀಸಿಗೆ ಬಂದಾಗ ಬೋಟುಗಳು ಹೊರಟಾಗಿತ್ತು. ಮೋಡೆಮ್ ಕಪಾಟಿನಲ್ಲಿತ್ತು, ಕೀ ನನ್ನ ಡ್ರಾಯರಿನಲ್ಲಿ. ಹತ್ತು ಗಂಟೆಯಿಂದ ಕಾರ್ಯದರ್ಶಿ ಕ್ಯಾಬಿನ್ನಿನಲ್ಲಿ ಕೊಚ್ಚಿಯ ಮೀನು ವ್ಯಾಪಾರಿಯ ಜೊತೆ ಫೋನಿನಲ್ಲಿದ್ದರು. ನನಗೆ ಒಂದು ಕರೆ ಮಾಡಬೇಕಿತ್ತು. ಎರಡು ಸಲ ರಿಸೀವರ್ ಎತ್ತಿದೆ, ಎರಡು ಸಲವೂ ಅವರದೇ ದನಿ. ಅಂಜಲ್, ಬಂಗುಡೆ ಮೀನಿನ ರೇಟು, ಯಾರದೋ ಮದುವೆ, ಜೋರು ನಗು. ಸುಮಾರು ಎರಡು ಗಂಟೆ ಹೊತ್ತು. ಹನ್ನೆರಡಕ್ಕೆ ಸ್ವಲ್ಪ ಮೊದಲು ಸರಕಾರಿ ಕಚೇರಿಯ ಜವಾನನೊಬ್ಬ ಸ್ಕೂಟರಿನಲ್ಲಿ ಬಂದ. “ಎಂತ ನಿಮ್ಮ ಫೋನು? ಹತ್ತು ಗಂಟೆಯಿಂದ ಎಂಗೇಜು. ತೂಫಾನು ಬರ್ತಾ ಉಂಟು. ಬೋಟು ವಾಪಸು ಕರೀಬೇಕಂತೆ.”

ಕಾಕ ಆ ಮಾತು ಮುಗಿಯುವ ಮೊದಲೇ ವೈರ್‌ಲೆಸ್ಸಿನ ಮುಂದಿದ್ದರು. ಒಂದು ಬೋಟು ತಕ್ಷಣ ಸಿಕ್ಕಿತು. ಎರಡನೆಯದರ ದನಿ ನೀರಿನೊಳಗಿಂದ ಬಂದ ಹಾಗೆ ಸಣ್ಣಗೆ ಕೇಳಿತು. ಅದು ತನ್ನ ಹತ್ತಿರವಿದ್ದ ಮೂರನೆಯದಕ್ಕೆ ಹೇಳಿತು. ಆ ಮೂರೂ ತಿರುಗಿ, ಸಿಕ್ಕಿದ ಕಡೆ ದಡ ಸೇರಿದವು. ವಾಮನಣ್ಣನ ಬೋಟು ಎಲ್ಲಕ್ಕಿಂತ ಮುಂದೆ ಹೋಗಿತ್ತು. ವೈರ್‌ಲೆಸ್ ಸೆಟ್ಟಿನ ದನಿ ತಲುಪುವ ದೂರ ದಾಟಿತ್ತು. ಒಂದು ಗಂಟೆ ಮೊದಲಾಗಿದ್ದರೆ ಸಿಗುತ್ತಿತ್ತು ಎಂದು ಕಾಕ ಆಮೇಲೆ ಹೇಳಿದರು. ಆ ದಿನ ಸಂಜೆಯವರೆಗೂ, ಮರುದಿನವೂ, ಅದರ ಮರುದಿನವೂ ಅವರು ಕೂಗಿದರು. “ವಾಮನ, ಕೇಳ್ತದಾ? ವಾಮನ, ವಾಪಸು ಬಾ.” ಮೂರನೇ ದಿನ ಅವರ ಗಂಟಲಿನಿಂದ ದನಿಯೇ ಹೊರಡುತ್ತಿರಲಿಲ್ಲ. ಆವತ್ತು ಕುಂದಾಪುರದ ಕಡೆ ದಡಕ್ಕೆ ಬಂದು ಬಿದ್ದ ಹಲಗೆಯೊಂದು ವಾಮನಣ್ಣನ ಬೋಟಿನದೆಂದು ಮೀನುಗಾರರು ಗುರುತು ಹಿಡಿದರು. ಏಳು ಮಂದಿಯಲ್ಲಿ ಒಬ್ಬರೂ ಸಿಗಲಿಲ್ಲ.

ಜನ ಸುಮ್ಮನಿರುತ್ತಾರೆಯೇ? ಬೆಂಗ್ರೆಯಿಂದ ಗಂಡಸರು ಹೆಂಗಸರು ಬಂದು ಆಫೀಸಿನ ಮುಂದೆ ನಿಂತರು. ಹತ್ತರಿಂದ ಹನ್ನೆರಡರವರೆಗೆ ನಿಮ್ಮ ಫೋನು ಯಾಕೆ ಎಂಗೇಜ್ ಇತ್ತು ಎಂಬುದೇ ಅವರ ಪ್ರಶ್ನೆ. ಉತ್ತರ ಬೇಕಿತ್ತು. ಹತ್ತು ದಿನದ ಮೇಲೆ ಸಮಿತಿ ಕೂಡಿತು. ಆಗಿನ ಅಧ್ಯಕ್ಷರು ವಯಸ್ಸಾದವರು. ಎಲ್ಲದಕ್ಕೂ ಕಾರ್ಯದರ್ಶಿಯ ಮುಖ ನೋಡುವವರು. ನಾನು ನಡವಳಿ ಬರೆದುಕೊಳ್ಳಲು ಮೂಲೆಯಲ್ಲಿ ಕುಳಿತಿದ್ದೆ.

“ಫೋನು ಎಂಗೇಜ್ ಆಗಿದ್ದು ಇಂಟರ್ನೆಟ್ಟಿನಿಂದ. ಕಾಕ ದಿನಾ ಗಂಟೆಗಟ್ಟಲೆ ಲೈನು ಹಿಡಿದಿಡ್ತಾರೆ. ಎಲ್ಲರಿಗೂ ಗೊತ್ತುಂಟು” ಎಂದರು ಕಾರ್ಯದರ್ಶಿ.

ಕಾಕ ಎದ್ದರು. ದನಿ ಇನ್ನೂ ಪೂರ್ತಿ ಬಂದಿರಲಿಲ್ಲ.

“ಆ ದಿನ ನಾನು ಇಂಟರ್ನೆಟ್ ಮುಟ್ಟಲಿಲ್ಲ. ಮೋಡೆಮು ಕಪಾಟಿನಲ್ಲಿತ್ತು. ಹಿಂದಿನ ದಿನ ನೀವೇ ಬೀಗ ಹಾಕಿಸಿದ್ದು. ಕೀ ಇವಳ ಹತ್ತಿರ ಇತ್ತು.” ನನ್ನ ಕಡೆ ತಿರುಗಿದರು. “ಹೇಳು ತಂಗಿ.”

ಹನ್ನೊಂದು ಗಂಡಸರು ನನ್ನನ್ನು ನೋಡಿದರು. ಕಾರ್ಯದರ್ಶಿಯೂ ನೋಡಿದರು. ಆ ಕೆಲಸ ಕೊಡಿಸಿದ್ದು ಅವರು. ಅಮ್ಮನ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ಇವೆಲ್ಲ ಕಾರಣಗಳು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಕಾರಣಗಳಲ್ಲ. ನನಗೆ ಹೆದರಿಕೆಯಾಯಿತು, ಅಷ್ಟೇ.

“ನನಗೆ ಸರಿಯಾಗಿ ನೆನಪಿಲ್ಲ ಸರ್” ಎಂದೆ.

ಕಾಕ ಕನ್ನಡಕ ತೆಗೆದು ಉಟ್ಟ ಮುಂಡಿನ ತುದಿಯಿಂದ ಒರೆಸಿ ಹಾಕಿಕೊಂಡರು. ಆಮೇಲೆ ಹೊರಗೆ ಹೋದರು. ನಾನು ಟೈಪ್ ಮಾಡಿದೆ: “ಸದರಿಯವರು ಇಂಟರ್ನೆಟ್ ಬಳಸುತ್ತಿದ್ದ ಕಾರಣ ದೂರವಾಣಿಯು ನಿರತವಾಗಿದ್ದು, ಎಚ್ಚರಿಕೆಯ ಸಂದೇಶವು ಸಕಾಲದಲ್ಲಿ ತಲುಪಲಿಲ್ಲ. ಅವರನ್ನು ಕೆಲಸದಿಂದ ತೆಗೆಯಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.” ಆ ಎರಡು ವಾಕ್ಯಗಳಲ್ಲಿ ಒಂದಕ್ಷರ ತಪ್ಪಿಲ್ಲ. ನಾನು ಒಳ್ಳೆಯ ಟೈಪಿಸ್ಟ್ ಆಗಿದ್ದೆ.

ಅವರು ಬೇರೆ ಊರಿಗೆ ಹೋಗಬಹುದಿತ್ತು. ತಮ್ಮಂದಿರು ಕರೆದರಂತೆ. ಹೋಗಲಿಲ್ಲ. ಸತ್ತ ಏಳು ಮಂದಿಯ ಮನೆಗಳಲ್ಲಿ ನಾಲ್ಕು ಇದ್ದದ್ದು ಬೆಂಗ್ರೆಯಲ್ಲೇ, ಅವರ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ. ಬಂದರಿನ ಒಂದು ಓಣಿಯಲ್ಲಿ ರೇಡಿಯೋ ರಿಪೇರಿಯ ಗೂಡಂಗಡಿ ಇಟ್ಟುಕೊಂಡು ದಿನಾ ಅದೇ ಫೆರಿಯಲ್ಲಿ ಬಂದರು, ಹೋದರು. ಫೆರಿಯ ಹಲಗೆಯ ಮೇಲೆ ಅವರ ಎರಡು ಬದಿಯೂ ಖಾಲಿ ಇರುತ್ತಿತ್ತಂತೆ. ನಿಲ್ಲಲು ಜಾಗವಿಲ್ಲದ ದಿನವೂ ಯಾರೂ ಅಲ್ಲಿ ಕೂರುತ್ತಿರಲಿಲ್ಲವಂತೆ. ಒಮ್ಮೆ ಯಾರೋ ಅಂಗಡಿಯ ಮುಂದೆ ಕೊಳೆತ ಮೀನು ಸುರಿದರು. ಅವರೇ ನೀರು ಹಾಕಿ ತೊಳೆದು, ಬಾಗಿಲು ತೆರೆದು ಕುಳಿತರಂತೆ. ನನಗೆ ಅವರ ಮೇಲೂ ಸಿಟ್ಟಿದೆ. ಸತ್ತ ರೇಡಿಯೋದ ಮೇಲೆ ಕೂಗಾಡುತ್ತಿದ್ದ ಮನುಷ್ಯ ಆ ಫೆರಿಯಲ್ಲಿ ಎದ್ದು ನಿಂತು ಒಮ್ಮೆ ಕೂಗಾಡಬಾರದಿತ್ತೇ? ಹೊಳೆಯ ಎರಡೂ ದಡಕ್ಕೆ ಕೇಳುವ ಹಾಗೆ? ಬಹುಶಃ ಕೂಗಿದರೆ ಕೇಳುವವರು ಬೇಕಲ್ಲ. ಸಾಕ್ಷಿ ನಾನಿದ್ದೆ, ನನಗೆ ನೆನಪಿರಲಿಲ್ಲ.

ಮರುವರ್ಷ ನಾನು ಆ ಕೆಲಸ ಬಿಟ್ಟು ಒಂದು ಶಾಲೆಯ ಕಚೇರಿ ಸೇರಿದೆ. ಮತ್ತೆ ಅವರು ಸಿಕ್ಕಿದ್ದು ಒಂದೇ ಸಲ, ಹಂಪನಕಟ್ಟೆಯಲ್ಲಿ, ಬಸ್ಸಿಗೆ ಕಾಯುವಾಗ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ತಪ್ಪಿಸಿಕೊಂಡು ಹೋಗುತ್ತಾರೆಂದುಕೊಂಡೆ. ನೇರ ಬಂದು ಎದುರಿಗೆ ನಿಂತರು.

“ಅಮ್ಮ ಹೇಗಿದ್ದಾರೆ ತಂಗಿ?”

“ಪರವಾಗಿಲ್ಲ ಕಾಕ. ನಡೀತಾರೆ ಈಗ.”

“ಒಳ್ಳೇದಾಯ್ತು. ಈಗ ಎಲ್ಲ ಕಡೆ ಹೊಸ ಇಂಟರ್ನೆಟ್ ಅಂತೆ. ಫೋನು ಬಿಡುವಿರ್ತದಂತೆ ಅದರಲ್ಲಿ. ಹೌದಾ?”

“ಹೌದು ಕಾಕ.” ನಾನು ಒಂದು ಹೆಜ್ಜೆ ಹತ್ತಿರ ಹೋದೆ. “ಕಾಕ, ನಾನು ಆವತ್ತು...”

“ನಿನ್ನ ಬಸ್ಸು ಬಂತು. ಹತ್ತು, ಹತ್ತು” ಎಂದು ಕೈ ಬೀಸಿದರು.

ಹತ್ತಿದೆ. ಯಂತ್ರಗಳಿಗೆ ಬೈದದ್ದರಲ್ಲಿ ಒಂದು ಪಾಲನ್ನೂ ಅವರು ನನಗೆ ಬೈಯಲಿಲ್ಲ. ಬೈದಿದ್ದರೆ ನಾನು ಇಷ್ಟು ವರ್ಷ ಕಾಯುತ್ತಿರಲಿಲ್ಲವೇನೋ. ಆದರೆ ಇದೂ ತಪ್ಪನ್ನು ಅವರ ಮೇಲೆ ಹೊರಿಸುವ ಇನ್ನೊಂದು ದಾರಿಯೇ. ಆ ಸಮಿತಿಯ ಸಭೆಯಲ್ಲಿ ಹನ್ನೊಂದು ಜನ ಮಾಡಿದ್ದು ಅದನ್ನೇ.

ಸಂತಾಪ ಸಭೆಯ ಮರುದಿನ ಬೆಳಿಗ್ಗೆ ಶಾಲೆಗೆ ರಜೆ ಹಾಕಿ ಫೆರಿ ಹತ್ತಿದೆ. ಬೆಂಗ್ರೆಯಲ್ಲಿ ಮೊದಲು ಕಾಕನ ಮನೆ ಕೇಳಿದೆ. ಬೀಗ ಹಾಕಿತ್ತು, ಹೆಂಡತಿಯನ್ನು ಮಗಳು ಕರೆದುಕೊಂಡು ಹೋಗಿದ್ದಳು. ಅಲ್ಲಿಂದ ವಾಮನಣ್ಣನ ಮನೆ ಹುಡುಕಿಕೊಂಡು ಹೋದೆ. ಅವರ ಹೆಂಡತಿ ಅಂಗಳದಲ್ಲಿ ಒಣಮೀನು ಮಗುಚಿ ಹಾಕುತ್ತಿದ್ದರು. ನನ್ನ ಪರಿಚಯ ಹೇಳಿ, ನಿಂತಲ್ಲೇ ಎಲ್ಲವನ್ನೂ ಹೇಳಿದೆ: ಕಪಾಟು, ಕೀ, ಕೊಚ್ಚಿಯ ಫೋನು, ನನಗೆ ನೆನಪಿಲ್ಲ ಎಂದದ್ದು. ಮಾತು ತುಳುವಿನಲ್ಲಿ ನಡೆಯಿತು. ಆಕೆಯ ಮಾತನ್ನು ಕನ್ನಡದಲ್ಲಿ ಬರೆದರೆ ಖಾರ ಕಡಿಮೆಯಾಗುತ್ತದೆ, ಆದರೂ ಬರೆಯುತ್ತೇನೆ.

“ಆ ಮೋಡದ ಕಾಗದ ಇವರು ಹಿಂದಿನ ದಿನ ಮನೆಗೆ ತಂದಿದ್ದರು” ಎಂದರು ಆಕೆ. “ನಾನು ನೋಡಿದ್ದೇನೆ. ಹೋಗಬೇಡ ಅಂತ ಕಾಗದ ಕೊಟ್ಟ ಮನುಷ್ಯನೇ ಮರುದಿನ ಫೋನು ಕಟ್ಟಿ ಕೂತ ಅಂತ ಹೇಳಿದರೆ ಹೇಗೆ ನಂಬುವುದು? ನನಗೆ ಅವತ್ತೇ ಅನುಮಾನ ಇತ್ತು. ಆದರೆ ಆಫೀಸಿನ ಹುಡುಗಿಯೇ ಸಾಕ್ಷಿ ಹೇಳಿದ್ದಾಳೆ ಅಂದರು.”

“ನಾನು ಸಾಕ್ಷಿ ಹೇಳಲಿಲ್ಲ, ನೆನಪಿಲ್ಲ ಎಂದೆ ಅಷ್ಟೇ...”

“ಅಷ್ಟೇ!” ಆಕೆ ಕೈಯಲ್ಲಿದ್ದ ಮೀನನ್ನು ಚಾಪೆಗೆ ಎಸೆದರು. “ಆ ಮುದುಕ ಪ್ರತಿ ರಂಜಾನಿಗೆ ನಮ್ಮ ಬಾಗಿಲಲ್ಲಿ ತಿಂಡಿಯ ಪೊಟ್ಟಣ ಇಟ್ಟು ಹೋಗುತ್ತಿದ್ದ. ನಾನು ಅದನ್ನು ಕೋಳಿಗೆ ಹಾಕುತ್ತಿದ್ದೆ. ಗೊತ್ತುಂಟಾ ನಿನಗೆ? ಅಷ್ಟೇ ಅಂತೆ, ಅಷ್ಟೇ.”

ನಾನು ಅಳತೊಡಗಿದೆ. ಆಕೆ ಅಳಲಿಲ್ಲ.

“ಇಲ್ಲಿ ಅಳುವುದು ಬೇಡ. ನನಗೊಬ್ಬಳಿಗೆ ಹೇಳಿ ಎಂತ ಪ್ರಯೋಜನ? ನಾಲ್ಕು ಗೋಡೆಯ ಒಳಗೆ ಹೇಳುವುದಾದರೆ ನೀನು ಫೆರಿ ದಾಟಿ ಬರುವುದೇ ಬೇಡ ಇತ್ತು. ಬಾ.”

ಕೈ ಕೂಡ ತೊಳೆಯದೆ ನನ್ನ ರಟ್ಟೆ ಹಿಡಿದು ದಡಕ್ಕೆ ಕರೆದುಕೊಂಡು ಹೋದರು. ಅಲ್ಲಿ ಚಪ್ಪರದ ನೆರಳಿನಲ್ಲಿ ಹತ್ತು ಹದಿನೈದು ಮಂದಿ ಬಲೆ ಸರಿಮಾಡುತ್ತಿದ್ದರು. ಪಕ್ಕದಲ್ಲಿ ಫೆರಿಗೆ ಕಾಯುವವರು ನಿಂತಿದ್ದರು. “ಇವಳು ಆ ಆಫೀಸಿನ ಹುಡುಗಿ. ಇವಳು ಹೇಳುವುದನ್ನು ಎಲ್ಲರೂ ಕೇಳಿ” ಎಂದರು ಆಕೆ, ದೊಡ್ಡ ದನಿಯಲ್ಲಿ. ನನಗೀಗ ಐವತ್ತರ ಹತ್ತಿರ. ಆದರೂ ಅಲ್ಲಿ ನಿಂತಾಗ ನಾನು ಆ ಹುಡುಗಿಯೇ ಆಗಿದ್ದೆ.

ಹೇಳಿದೆ. ಈ ಸಲ ಅಳಲಿಲ್ಲ. ಮೋಡೆಮ್ ಬೀಗದಲ್ಲಿತ್ತು, ಕೀ ನನ್ನ ಹತ್ತಿರವಿತ್ತು, ಕಾಕ ಆ ದಿನ ಫೋನು ಮುಟ್ಟಲಿಲ್ಲ, ನಾನು ಸುಳ್ಳು ಹೇಳಿದೆ ಎಂದು ಒಂದರ ಮೇಲೊಂದು ಹೇಳಿದೆ. ಬಲೆಯ ಮೇಲಿನ ಕೈಗಳು ನಿಂತವು. ಫೆರಿ ಬಂದು ದಡಕ್ಕೆ ತಾಗಿತು, ಯಾರೂ ಹತ್ತಲಿಲ್ಲ.

ಒಬ್ಬ ಮುದುಕರು ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದು, “ಹಾಗಾದರೆ ಆ ದಿನ ಫೋನಿನಲ್ಲಿ ಇದ್ದದ್ದು ಯಾರು?” ಎಂದು ಕೇಳಿದರು.

ನಾನು ಹೆಸರು ಹೇಳಿದೆ. ಅವರ ಅಪ್ಪನ ಹೆಸರು, ಮನೆಯ ಹೆಸರು, ಈಗ ಯಾವ ಕುರ್ಚಿಯಲ್ಲಿ ಕುಳಿತಿದ್ದಾರೆ ಎಂಬುದನ್ನೂ ಸೇರಿಸಿ, ಹಿಂದೆ ನಿಂತವರಿಗೂ ಕೇಳುವ ಹಾಗೆ ಹೇಳಿದೆ.